ಪ್ಯಾರಿಸ್ಸಿನ ಬ್ರಾಸರಿ: ಹೊರಗಿನವರು ಕಟ್ಟಿದ ಊಟದ ಮನೆ

ಪ್ಯಾರಿಸ್ಸಿನ ದೊಡ್ಡ ರಸ್ತೆಗಳಲ್ಲಿ ಬ್ರಾಸರಿ ದೂರದಿಂದಲೇ ಗುರುತು ಸಿಗುತ್ತದೆ. ಕಾಲುದಾರಿಯ ಮೇಲೆ ಚಾಚಿದ ಬಟ್ಟೆಯ ಚಾವಣಿ, ಅದರ ಕೆಳಗೆ ಪುಡಿಮಾಡಿದ ಐಸಿನ ಮೇಲೆ ಸಾಲಾಗಿ ಜೋಡಿಸಿದ ಆಯ್‌ಸ್ಟರ್ ಚಿಪ್ಪುಗಳು, ಗಾಜಿನ ಬಾಗಿಲಿನಾಚೆ ಫಳಫಳಿಸುವ ಹಿತ್ತಾಳೆ ಕಂಬಿ, ಗೋಡೆ ತುಂಬ ಕನ್ನಡಿ, ಕಪ್ಪು ವೇಸ್ಟ್‌ಕೋಟಿನ ಮೇಲೆ ಮೊಣಕಾಲು ದಾಟುವ ಬಿಳಿ ಏಪ್ರನ್ ಕಟ್ಟಿದ ಬಡಿಸುವವರು. ಪ್ರವಾಸಿ ಚಿತ್ರಗಳಲ್ಲಿ, ಸಿನಿಮಾಗಳಲ್ಲಿ ಪ್ಯಾರಿಸ್ ಅಂದರೆ ಇದೇ ದೃಶ್ಯ.

ಆದರೆ ಅಪ್ಪಟ ಪ್ಯಾರಿಸ್ಸಿನದು ಎಂದು ಜಗತ್ತು ನಂಬಿರುವ ಈ ಊಟದ ಮನೆಯನ್ನು ಕಟ್ಟಿದವರಲ್ಲಿ ಪ್ಯಾರಿಸ್ಸಿನವರು ಕಡಿಮೆ. ಮೊದಲು ಬಂದವರು ಗಡಿಯಂಚಿನ ಅಲ್ಸಾಸ್ ಪ್ರಾಂತದ ಬಿಯರ್ ತಯಾರಕರು. ಅವರ ಹಿಂದೆ ನಡುಫ್ರಾನ್ಸಿನ ಗುಡ್ಡಗಾಡಿನಿಂದ ಇದ್ದಿಲು ಮಾರಲು ಬಂದವರು. ಈಗ ಇದರ ಅಡಿಗೆಮನೆಗಳಲ್ಲಿ ಬೆವರು ಸುರಿಸುತ್ತಿರುವವರಲ್ಲಿ ಮಾಲಿ ದೇಶದವರೂ ಶ್ರೀಲಂಕಾದ ತಮಿಳರೂ ಬಹಳ ಮಂದಿ. ಬ್ರಾಸರಿಯಲ್ಲಿ ಊಟ ಮಾಡುವುದೆಂದರೆ ಏನು, ಅಲ್ಲಿ ಏನು ಸಿಗುತ್ತದೆ, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ಜನರ ಕಥೆ ಬಿಟ್ಟು ಹೇಳಿದರೆ ಅದು ಅರ್ಧ ಮಾಹಿತಿಯಾಗುತ್ತದೆ.

ಬ್ರಾಸರಿ ಯಾವುದು, ಯಾವುದಲ್ಲ

ಹೊರಗೆ ಉಣ್ಣುವ ಜಾಗಗಳಿಗೆ ಫ್ರಾನ್ಸಿನಲ್ಲಿ ಹಲವು ಹೆಸರುಗಳಿವೆ. ಗಡಿಗೆರೆಗಳು ಈಗ ಮಸುಕಾಗಿದ್ದರೂ ಹಳೆಯ ಭೇದಗಳು ಇನ್ನೂ ಉಪಯೋಗಕ್ಕೆ ಬರುತ್ತವೆ. ಕೆಫೆಯಲ್ಲಿ ಮುಖ್ಯವಾಗಿ ಕುಡಿಯಲು ಸಿಗುತ್ತದೆ, ಜೊತೆಗೆ ತಿನ್ನಲು ಒಂದಿಷ್ಟು. ಬಿಸ್ತ್ರೊ ಚಿಕ್ಕದು; ಗಂಡಹೆಂಡತಿ ಸೇರಿ ನಡೆಸಿಕೊಂಡು ಬಂದದ್ದು, ಆ ದಿನದ ನಾಲ್ಕಾರು ಅಡಿಗೆಗಳನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವಂಥದ್ದು. ರೆಸ್ಟೊರಾಂಗೆ ಹೊತ್ತುಗೊತ್ತು ಉಂಟು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಅಡಿಗೆಮನೆ ಬಾಗಿಲು ಹಾಕಿದರೆ ಮತ್ತೆ ಒಲೆ ಹೊತ್ತುವುದು ಸಂಜೆ ಏಳರ ಮೇಲೆ.

ಬ್ರಾಸರಿಯ ದೊಡ್ಡ ಗುಣವೇ ಈ ಗೊತ್ತು ಇಲ್ಲದಿರುವುದು. ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ಎಡೆಬಿಡದೆ ಬಿಸಿ ಊಟ ಸಿಗುತ್ತದೆ. ನಾಲ್ಕು ಗಂಟೆಗೆ ರೈಲಿಳಿದು ಹಸಿದು ಬಂದವರಿಗೂ ನಾಟಕ ಮುಗಿಸಿ ಹನ್ನೊಂದಕ್ಕೆ ಬಂದವರಿಗೂ ಅದೇ ಬಿಳಿಬಟ್ಟೆ ಹಾಸಿದ ಮೇಜು, ಅದೇ ಅಚ್ಚುಹಾಕಿದ ಪಟ್ಟಿ. ಪಟ್ಟಿ ಸುಲಭವಾಗಿ ಬದಲಾಗುವುದಿಲ್ಲ. ಬಾಣಸಿಗನ ಹೆಸರು ಕೇಳಿ ಯಾರೂ ಬ್ರಾಸರಿಗೆ ಹೋಗುವುದಿಲ್ಲ; ಹತ್ತು ವರ್ಷದ ಹಿಂದೆ ತಿಂದದ್ದೇ ಇವತ್ತೂ ಸಿಗುತ್ತದೆ ಎಂಬ ನಂಬಿಕೆಯಿಂದ ಹೋಗುತ್ತಾರೆ. ಆ ನಂಬಿಕೆಯನ್ನು ದಿನಕ್ಕೆ ನೂರಾರು ಊಟಗಳ ಲೆಕ್ಕದಲ್ಲಿ ಉಳಿಸಿಕೊಳ್ಳುವುದು ಹೊಸ ಅಡಿಗೆ ಕಂಡುಹಿಡಿಯುವುದಕ್ಕಿಂತ ಕಷ್ಟದ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಅಲ್ಸಾಸ್‌ನಿಂದ ಬಂದ ಬಿಯರ್

ಬ್ರಾಸರಿ ಮೂಲದಲ್ಲಿ ಬಿಯರ್ ಕುದಿಸುವ ಜಾಗ. ತಯಾರಿಸಿದಲ್ಲೇ ಲೋಟಕ್ಕೆ ಬಗ್ಗಿಸಿ ಕೊಡುವ ಪದ್ಧತಿ ಮೊದಲು, ಊಟ ಆಮೇಲೆ. ಲಿಯೋನ್ ನಗರದಲ್ಲಿ ಜಾರ್ಜ್ ಹೋಫೆರ್ ಎಂಬ ಅಲ್ಸಾಸ್‌ನವರು 1836ರಲ್ಲಿ ತೆರೆದ ಬ್ರಾಸರಿ ಜಾರ್ಜ್ ಇಂದಿಗೂ ಅಲ್ಲೇ ಇದೆ. ನಡುವೆ ಒಂದು ಕಂಬವೂ ಇಲ್ಲದ ಅದರ ಬೃಹತ್ ಸಭಾಂಗಣ ನೋಡುವಂಥದ್ದು. ಪ್ಯಾರಿಸ್ಸಿನಲ್ಲೂ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಬ್ರಾಸರಿಗಳಿದ್ದವು. ಚಿತ್ರಕಾರ ಗುಸ್ತಾವ್ ಕೂರ್ಬೆ ತನ್ನ ಸ್ಟುಡಿಯೊ ಪಕ್ಕದ ಆಂದ್ಲೆರ್ ಬ್ರಾಸರಿಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ವಾಸ್ತವವಾದಿ ಕಲೆಯ ವಾದ ನಡೆಸುತ್ತಿದ್ದ.

1852ರಲ್ಲಿ ಪ್ಯಾರಿಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ರೈಲು ಹಾದಿ ಪೂರ್ತಿಯಾದ ಮೇಲೆ ಅಲ್ಸಾಸ್‌ನ ಬಿಯರ್ ಕೆಡದೆ ರಾಜಧಾನಿ ಮುಟ್ಟುವಂತಾಯಿತು. 1864ರಲ್ಲಿ ಕೊಲ್ಮಾರ್ ಕಡೆಯ ಫ್ರೆಡೆರಿಕ್ ಬೋಫಿಂಜರ್ ಬಾಸ್ತೀಲ್ ಚೌಕದ ಹತ್ತಿರ ತನ್ನ ಹೆಸರಿನ ಬ್ರಾಸರಿ ತೆರೆದ. ಪ್ಯಾರಿಸ್‌ನಲ್ಲಿ ಪೀಪಾಯಿಯಿಂದ ನಲ್ಲಿಯ ಮೂಲಕ ಬಿಯರ್ ಕೊಟ್ಟವರಲ್ಲಿ ತಾವೇ ಮೊದಲಿಗರು ಎಂದು ಆ ಮನೆಯವರು ಹೇಳಿಕೊಳ್ಳುತ್ತಾರೆ.

ಇಷ್ಟಾದರೂ ಅದು ನಗರದ ಹತ್ತಾರು ರುಚಿಗಳಲ್ಲಿ ಒಂದಾಗಿ ಉಳಿಯುತ್ತಿತ್ತೇನೊ. ಯುದ್ಧ ಎಲ್ಲವನ್ನೂ ಬದಲಿಸಿತು. 1870-71ರಲ್ಲಿ ಪ್ರಷ್ಯದ ಎದುರು ಫ್ರಾನ್ಸ್ ಸೋತಿತು. ಫ್ರಾಂಕ್‌ಫರ್ಟ್ ಒಪ್ಪಂದದ ಪ್ರಕಾರ ಅಲ್ಸಾಸ್ ಮತ್ತು ಲೊರೇನ್‌ನ ಒಂದು ಭಾಗ ಜರ್ಮನಿಯ ಪಾಲಾಯಿತು. ಫ್ರೆಂಚ್ ಪೌರತ್ವ ಉಳಿಸಿಕೊಳ್ಳಬೇಕೆನ್ನುವವರು 1872ರ ಅಕ್ಟೋಬರ್ 1ರೊಳಗೆ ಮನೆ, ಹೊಲ ಬಿಟ್ಟು ಹೊರಡಬೇಕಾಗಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಹಾಗೆ ಹೊರಟರು. ಪ್ಯಾರಿಸ್ ಸೇರಿದವರಲ್ಲಿ ಕೆಲವರು ತಮಗೆ ಬರುತ್ತಿದ್ದ ಕಸುಬನ್ನೇ ನೆಚ್ಚಿಕೊಂಡರು: ಬಿಯರ್, ಹುಳಿಬರಿಸಿದ ಎಲೆಕೋಸು, ಹಂದಿಮಾಂಸದ ಸಾಸೇಜು. ಕಳೆದುಕೊಂಡ ಪ್ರಾಂತದ ಮೇಲಿನ ಅನುಕಂಪವೂ ಗಿರಾಕಿಗಳನ್ನು ಅವರ ಬಾಗಿಲಿಗೆ ತಂದಿತು. ಅಲ್ಸಾಸ್‌ನವರ ಮೇಜಿನಲ್ಲಿ ಕೂತು ಬಿಯರ್ ಕುಡಿಯುವುದೇ ಆಗ ದೇಶಪ್ರೇಮದ ಒಂದು ರೀತಿ. ವಿಜ್ಞಾನಿ ಲೂಯಿ ಪಾಶ್ಚರ್‌ಗೂ ಇದೇ ಕಿಚ್ಚು ಹತ್ತಿತ್ತು. ಬಾನ್ ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿಯನ್ನು ಅವರು ಹಿಂದಿರುಗಿಸಿದರು. ಜರ್ಮನ್ ಬಿಯರನ್ನು ಮೀರಿಸುವ ಫ್ರೆಂಚ್ ಬಿಯರ್ ಆಗಬೇಕೆಂಬ ಹಟದಿಂದ ವರ್ಷಗಟ್ಟಲೆ ಕೆಲಸ ಮಾಡಿ 1876ರಲ್ಲಿ ಬಿಯರ್ ಕುರಿತ ಸಂಶೋಧನಾ ಗ್ರಂಥವನ್ನೇ ಪ್ರಕಟಿಸಿದರು.

ಅದೇ ಕಾಲಕ್ಕೆ ವೈನಿಗೂ ಕೇಡು ಬಂತು. ದ್ರಾಕ್ಷಿಯ ಬೇರು ತಿನ್ನುವ ಫಿಲಾಕ್ಸೆರ ಎಂಬ ಕೀಟ ಅಮೆರಿಕದಿಂದ ಬಂದು ತೋಟಗಳನ್ನು ನುಂಗುತ್ತ ಹೋಯಿತು. 1875ರಲ್ಲಿ ಸುಮಾರು 840 ಕೋಟಿ ಲೀಟರ್ ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ರ ಹೊತ್ತಿಗೆ ಸುಮಾರು 230 ಕೋಟಿ ಲೀಟರಿಗೆ ಇಳಿಯಿತು. ವೈನಿನ ಬೆಲೆ ಏರಿದ ಹಾಗೆಲ್ಲ ಬಿಯರಿನ ಲೋಟಕ್ಕೆ ಕೈಚಾಚುವವರು ಹೆಚ್ಚಿದರು. ಎದುವಾರ್ ಮಾನೆ 1878-79ರಲ್ಲಿ ಬರೆದ, ಈಗ ಓರ್ಸೆ ಮ್ಯೂಸಿಯಮ್ಮಿನಲ್ಲಿರುವ ಚಿತ್ರವೊಂದರಲ್ಲಿ ಬಡಿಸುವ ಹೆಂಗಸು ಬಿಯರ್ ಲೋಟಗಳನ್ನು ಹಿಡಿದು ನಿಂತಿದ್ದಾಳೆ. ಅವಳ ನೋಟ ಗಿರಾಕಿಯ ಮೇಲಿಲ್ಲ, ಮುಂದಿನ ಕೆಲಸದ ಮೇಲಿದೆ. ಬ್ರಾಸರಿಯ ಒಳಗಿನ ಅವಸರವನ್ನು ಅಷ್ಟು ಚೆನ್ನಾಗಿ ಹಿಡಿದ ಚಿತ್ರ ಇನ್ನೊಂದನ್ನು ನಾನು ಕಾಣೆ.

ಇದ್ದಿಲಿನವರ ಕೈಗೆ ಬಂದ ಕಥೆ

ಓವರ್ನ್ ಮತ್ತು ಅದರ ನೆರೆಯ ಅವೆರೋನ್ ಕಲ್ಲುಗುಡ್ಡದ ಬಡ ಪ್ರದೇಶಗಳು. ಅಲ್ಲಿಂದ ಪ್ಯಾರಿಸ್ಸಿಗೆ ಬಂದವರು ಮೊದಲು ಮನೆಮನೆಗೆ ನೀರು ಹೊತ್ತರು, ಆಮೇಲೆ ಸೌದೆ, ಇದ್ದಿಲು ಮಾರಿದರು. ಇದ್ದಿಲಿನ ಅಂಗಡಿಯ ಒಂದು ಮೂಲೆಯಲ್ಲಿ ವೈನ್ ಮಾರುವುದನ್ನೂ ಇಟ್ಟುಕೊಂಡರು. ಕ್ರಮೇಣ ಇದ್ದಿಲು ಹೋಗಿ ವೈನ್ ಉಳಿಯಿತು, ವೈನಿನ ಪಕ್ಕ ಊಟದ ಮೇಜು ಬಂತು. ಬೆವರಿನ ದುಡ್ಡನ್ನು ಕೂಡಿಟ್ಟು, ಊರಿನವರಿಂದ ಸಾಲ ತಂದು, ಊರಿನ ಹುಡುಗರನ್ನೇ ಕೆಲಸಕ್ಕೆ ಕರೆಸಿಕೊಂಡು ಅವರು ನಗರದ ಕೆಫೆ, ಬ್ರಾಸರಿಗಳ ದೊಡ್ಡ ಪಾಲನ್ನು ತಮ್ಮದಾಗಿಸಿಕೊಂಡರು.

ಲಿಪ್ ಬ್ರಾಸರಿಯ ಚರಿತ್ರೆಯಲ್ಲಿ ಈ ಹಸ್ತಾಂತರ ಸ್ಪಷ್ಟವಾಗಿ ಕಾಣುತ್ತದೆ. ಅಲ್ಸಾಸ್ ಬಿಟ್ಟು ಬಂದ ಲಿಯೊನಾರ್ ಲಿಪ್ 1880ರಲ್ಲಿ ಸಾನ್ ಜೆರ್ಮಾನ್ ರಸ್ತೆಯಲ್ಲಿ ಅದನ್ನು ತೆರೆದಾಗ ಇಟ್ಟ ಹೆಸರು ರೈನ್ ನದಿಯ ದಂಡೆಯದು. ಜರ್ಮನಿಯ ವಾಸನೆ ಹೊಡೆಯುವ ಹೆಸರು ಮುಂದೆ ಉಳಿಯಲಿಲ್ಲ. 1920ರಲ್ಲಿ ಅವೆರೋನ್‌ನ ಲಾಯೋಲ್ ಊರಿನ ಮಾರ್ಸೆಲ್ಲಾನ್ ಕಾಜ್ ಅದನ್ನು ಕೊಂಡರು. ಲಾಯೋಲ್ ಅಂದರೆ ಫ್ರಾನ್ಸಿನಲ್ಲಿ ಚಾಕುವಿನ ಊರು. ಹಿಡಿಯ ಬೆನ್ನಮೇಲೆ ಜೇನುನೊಣದ ಗುರುತಿರುವ ಆ ಚಾಕು ಎಷ್ಟೋ ಬ್ರಾಸರಿಗಳಲ್ಲಿ ಮಾಂಸ ಕೊಯ್ಯಲು ಮೇಜಿಗೆ ಬರುತ್ತದೆ. ಕಾಜ್ 1935ರಲ್ಲಿ ತಮ್ಮ ಹೆಸರಿನಲ್ಲಿ ಸಾಹಿತ್ಯ ಬಹುಮಾನವನ್ನೂ ಸ್ಥಾಪಿಸಿದರು. ಲೇಖಕರು, ಪ್ರಕಾಶಕರು, ಮಂತ್ರಿಗಳು ಅಲ್ಲಿ ಕಾಯಂ ಗಿರಾಕಿಗಳು. ಅಮೆರಿಕದ ಲೇಖಕ ಹೆಮಿಂಗ್ವೆ ಪ್ಯಾರಿಸ್ ದಿನಗಳ ನೆನಪಿನ ಪುಸ್ತಕದಲ್ಲಿ ಲಿಪ್‌ನಲ್ಲಿ ತಿಂದ ಎಣ್ಣೆ ಬೆರೆಸಿದ ಆಲೂಗಡ್ಡೆ, ಸಾಸೇಜು, ತಣ್ಣನೆಯ ಬಿಯರನ್ನು ಹಸಿವಿನ ಸಮೇತ ವರ್ಣಿಸಿದ್ದಾರೆ. ಕತ್ತಲ ನೆನಪೂ ಈ ಬಾಗಿಲಿಗಿದೆ. ಮೊರಾಕ್ಕೊದ ವಿರೋಧಪಕ್ಷದ ನಾಯಕ ಮೆಹ್ದಿ ಬೆನ್ ಬರ್ಕಾ ಅವರನ್ನು 1965ರ ಅಕ್ಟೋಬರ್ 29ರಂದು ಅಪಹರಿಸಿದ್ದು ಲಿಪ್ ಎದುರಿನಲ್ಲೇ. ಅವರ ದೇಹ ಇವತ್ತಿಗೂ ಸಿಕ್ಕಿಲ್ಲ.

ಮೊಂಪಾರ್ನಾಸ್‌ನ ಲಾ ಕುಪೋಲ್ ಎದ್ದದ್ದಂತೂ ಹಳೆಯ ಸೌದೆ ಇದ್ದಿಲಿನ ಡಿಪೊ ಇದ್ದ ಜಾಗದಲ್ಲೇ. ಓವರ್ನ್ ಮೂಲದ ಎರ್ನೆಸ್ಟ್ ಫ್ರೋ ಮತ್ತು ರೆನೆ ಲಾಫೋನ್ 1927ರ ಡಿಸೆಂಬರ್ 20ರಂದು ಅದನ್ನು ತೆರೆದರು. ಆ ಕೇರಿಯ ಚಿತ್ರಕಾರರಿಂದ ಬಣ್ಣ ಬರೆಸಿದ ಸಾಲುಕಂಬಗಳು, ನೆಲಮಾಳಿಗೆಯಲ್ಲಿ ನೃತ್ಯಶಾಲೆ, ನೂರಾರು ಜನ ಒಟ್ಟಿಗೆ ಉಣ್ಣಬಹುದಾದ ಸಭಾಂಗಣ. ನರ್ತಕಿ ಜೋಸೆಫಿನ್ ಬೇಕರ್, ಶಿಲ್ಪಿ ಜಿಯಾಕೊಮೆಟ್ಟಿ ಅಂಥವರು ಬಂದು ಹೋಗುತ್ತಿದ್ದ ಮನೆ ಅದು.

ಕನ್ನಡಿ, ದೀಪ, ಬೆಂಚು

ಬ್ರಾಸರಿಯ ಅಲಂಕಾರ ಎರಡು ಕಾಲದ್ದು. 1900ರ ಆಸುಪಾಸಿನವುಗಳಲ್ಲಿ ಬಳ್ಳಿಯಂತೆ ಬಳಕುವ ಗೆರೆಗಳು, ಹೂವಿನ ಚಿತ್ತಾರದ ಹೆಂಚು, ಬಣ್ಣದ ಗಾಜು. 1920-30ರವುಗಳಲ್ಲಿ ನೇರ ಗೆರೆ, ಜ್ಯಾಮಿತಿಯ ನೆಲ, ಚೌಕ ದೀಪಗಳು. ಬೋಫಿಂಜರ್‌ನ ಬಣ್ಣಗಾಜಿನ ಗುಮ್ಮಟದ ಕೆಳಗೆ ಕೂರಲು ಜನ ಮೇಜು ಮುಂಗಡ ಹೇಳುತ್ತಾರೆ; ಅಲ್ಸಾಸ್‌ನ ಕಲಾವಿದ ಹಾನ್ಸಿ ತನ್ನ ನಾಡಿನ ಹಳ್ಳಿ, ಕೊಕ್ಕರೆ, ಹಬ್ಬಗಳನ್ನು ಬಿಡಿಸಿದ ಮಹಡಿಯ ಕೋಣೆಯನ್ನು ನೋಡದೆ ಬರುವವರೇ ಹೆಚ್ಚು. ಅದು ನಷ್ಟ. ಗಾರ್ ದ ಲಿಯೋನ್ ನಿಲ್ದಾಣದ ಮಹಡಿಯಲ್ಲಿ 1901ರಲ್ಲಿ ಆರಂಭವಾದ, 1963ರಿಂದ ಲ ತ್ರಾನ್ ಬ್ಲು ಎಂಬ ಹೆಸರಿರುವ ಊಟದ ಶಾಲೆಯನ್ನು ಬ್ರಾಸರಿ ಅನ್ನುವುದಕ್ಕಿಂತ ಅದರ ಶ್ರೀಮಂತ ಬಂಧು ಅನ್ನಬಹುದು. ಚಿನ್ನದ ಲೇಪ, ಛಾವಣಿಯ ತುಂಬ ವರ್ಣಚಿತ್ರ; 1972ರಿಂದ ಅದು ಸಂರಕ್ಷಿತ ಸ್ಮಾರಕ.

ಕನ್ನಡಿ ಬರೀ ಅಂದಕ್ಕಲ್ಲ. ದೀಪದ ಬೆಳಕನ್ನು ಅದು ದುಪ್ಪಟ್ಟು ಮಾಡುತ್ತದೆ, ಇಕ್ಕಟ್ಟಾದ ಜಾಗವನ್ನು ದೊಡ್ಡದು ಮಾಡುತ್ತದೆ. ಗೋಡೆಗೆ ಮುಖಮಾಡಿ ಕೂತವರಿಗೂ ಇಡೀ ಸಭೆ ಕಾಣುತ್ತದೆ. ಬಡಿಸುವವರಿಗೂ ಅದರ ಉಪಯೋಗ ಇದೆ. ತಿರುಗದೆಯೇ ಬೆನ್ನ ಹಿಂದಿನ ಮೇಜಿನಲ್ಲಿ ಕೈ ಎತ್ತಿದ್ದು ಗೊತ್ತಾಗುತ್ತದೆ. ಗೋಡೆಯುದ್ದಕ್ಕೂ ಓಡುವ ಮೆತ್ತೆಬೆಂಚು ಇನ್ನೊಂದು ಗುರುತು. ಅದರ ಮುಂದೆ ಮೇಜುಗಳನ್ನು ಅಂಗೈಯಗಲ ಬಿಟ್ಟು ಜೋಡಿಸಿರುತ್ತಾರೆ. ಒಳಗೆ ಕೂರಬೇಕಾದವರಿಗಾಗಿ ಮೇಜನ್ನೇ ಹೊರಗೆಳೆದು, ಅವರು ಕೂತ ಮೇಲೆ ಮತ್ತೆ ಒಳಗೆ ತಳ್ಳುತ್ತಾರೆ. ಪಕ್ಕದವರ ಮಾತು ಕೇಳಿಸುತ್ತದೆ, ಅವರ ತಟ್ಟೆ ಕಾಣುತ್ತದೆ. ಅದನ್ನು ಯಾರೂ ಮುಜುಗರವೆಂದು ಎಣಿಸುವುದಿಲ್ಲ.

ಒಳಗೆ ಹೋದ ಮೇಲೆ

ಬಾಗಿಲಲ್ಲಿ ಮೊದಲ ಮಾತು ‘ಬೊಂಜೂರ್’, ಕತ್ತಲಾದ ಮೇಲೆ ‘ಬೊಂಸ್ವಾರ್’. ಇದನ್ನು ಹೇಳದೆ ನೇರವಾಗಿ ‘ಇಬ್ಬರಿಗೆ ಜಾಗ ಇದೆಯಾ’ ಎಂದು ಕೇಳಿದರೆ ಅಲ್ಲಿಯವರಿಗೆ ಒರಟಾಗಿ ಕಾಣುತ್ತದೆ. ಫ್ರೆಂಚರು ಪ್ರವಾಸಿಗಳಿಗೆ ಮುಖ ಕೊಡುವುದಿಲ್ಲ ಎಂಬ ದೂರಿನಲ್ಲಿ ಅರ್ಧ ಪಾಲು ಈ ಒಂದು ಮಾತಿನ ಕೊರತೆಯಿಂದ ಹುಟ್ಟಿದ್ದು. ತೋಚಿದ ಮೇಜಿಗೆ ಹೋಗಿ ಕೂರುವ ಹಾಗಿಲ್ಲ, ತೋರಿಸುವವರೆಗೆ ನಿಲ್ಲಬೇಕು. ಹೆಸರಾಂತ ಮನೆಗಳಲ್ಲಿ ಯಾರನ್ನು ಎಲ್ಲಿ ಕೂರಿಸುತ್ತಾರೆ ಎಂಬುದೇ ಒಂದು ರಾಜಕೀಯ. ಲಿಪ್‌ನಲ್ಲಿ ಕೆಳಗಿನ ಅಂಕಣ ಮಾನ್ಯರದು, ಮಹಡಿಗೆ ಕಳಿಸಿದರೆ ಗಡಿಪಾರಾದಂತೆ ಎಂಬ ಮಾತು ದಶಕಗಳಿಂದ ಇದೆ.

ಊಟದ ಪಟ್ಟಿಯನ್ನು ಅಲ್ಲಿ ‘ಕಾರ್ತ್’ ಅನ್ನುತ್ತಾರೆ. ‘ಮ್ಯನ್ಯು’ ಕೇಳಿದರೆ ನಿಗದಿತ ಬೆಲೆಗೆ ಎರಡು ಮೂರು ಬಗೆ ಸೇರಿಸಿದ ಊಟ ಎಂದು ತಿಳಿಯುತ್ತಾರೆ. ಜೇಬು ನೋಡಿಕೊಳ್ಳುವವರಿಗೆ ಮಧ್ಯಾಹ್ನದ ಇಂಥ ಊಟವೇ ಒಳ್ಳೆಯ ಆಯ್ಕೆ. ‘ಆಂತ್ರೆ’ ಎಂದರೆ ಆರಂಭದ ತಿನಿಸು, ಮುಖ್ಯ ಊಟ ‘ಪ್ಲಾ’. ಚೀಸ್ ಬರುವುದು ಮುಖ್ಯ ಊಟದ ನಂತರ, ಸಿಹಿಗೆ ಮೊದಲು. ಕಾಫಿ ಸಿಹಿಯ ಜೊತೆಗಲ್ಲ, ಸಿಹಿ ಮುಗಿದ ಮೇಲೆ, ಹಾಲಿಲ್ಲದೆ. ಈ ಕ್ರಮವನ್ನೂ ಅದರ ಸುತ್ತಲಿನ ಆಚಾರಗಳನ್ನೂ ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ರೆಡ್ ಮತ್ತು ನಲ್ಲಿ ನೀರು ಊಟದೊಂದಿಗೆ ಉಚಿತ, ಅದು ಕಾನೂನು. ದುಡ್ಡು ಕೊಟ್ಟು ಬಾಟಲಿ ನೀರು ಕೊಳ್ಳಬೇಕಿಲ್ಲ. ‘ಕರಾಫ್ ದೋ’ ಎಂದರೆ ಹೂಜಿಯಲ್ಲಿ ನೀರು ತಂದಿಡುತ್ತಾರೆ. ಬ್ರೆಡ್ಡಿಗೆ ಬೇರೆ ತಟ್ಟೆ ಇರುವುದಿಲ್ಲ, ಮೇಜುಬಟ್ಟೆಯ ಮೇಲೇ ಇಟ್ಟುಕೊಳ್ಳುವುದು ರೂಢಿ. ಬಿಯರನ್ನು ‘ದಮಿ’ ಎಂದು ಕೇಳಿದರೆ 25 ಸೆಂಟಿಲೀಟರ್ ಬರುತ್ತದೆ.

ಆಯ್‌ಸ್ಟರ್ ಬಿಡಿಸುವವನು

ಬ್ರಾಸರಿಯ ಅತ್ಯಂತ ನುರಿತ ಕೈ ಅಡಿಗೆಮನೆಯಲ್ಲಿಲ್ಲ, ಬೀದಿಯಲ್ಲಿದೆ. ‘ಎಕಾಯ್ಯೆ’ ಎಂದು ಕರೆಯುವ ಆಯ್‌ಸ್ಟರ್ ಬಿಡಿಸುವವನು ಚಳಿಗಾಲದ ಗಾಳಿಯಲ್ಲೂ ಬಾಗಿಲ ಹೊರಗಿನ ತನ್ನ ಕಟ್ಟೆಯ ಹಿಂದೆ ನಿಂತಿರುತ್ತಾನೆ. ಎಡಗೈಗೆ ದಪ್ಪ ಗವುಸು, ಬಲಗೈಯಲ್ಲಿ ಗಿಡ್ಡ ಅಲಗಿನ ಚಾಕು. ಉಬ್ಬಿದ ಚಿಪ್ಪು ಅಂಗೈಗೆ, ಚಪ್ಪಟೆ ಚಿಪ್ಪು ಮೇಲಕ್ಕೆ. ಬದಿಯಲ್ಲಿ ಚಾಕುವಿನ ತುದಿ ತೂರಿಸಿ, ಚಿಪ್ಪನ್ನು ಬಿಗಿಹಿಡಿದಿರುವ ಸ್ನಾಯುವನ್ನು ಒಂದೇ ಎಳೆತಕ್ಕೆ ಕೊಯ್ದು ಮುಚ್ಚಳ ತೆಗೆಯುತ್ತಾನೆ. ಮೊದಲ ನೀರನ್ನು ಚೆಲ್ಲುತ್ತಾನೆ. ಜೀವಂತ ಆಯ್‌ಸ್ಟರ್ ಸ್ವಲ್ಪ ಹೊತ್ತಿನಲ್ಲೇ ಮತ್ತೆ ನೀರು ಬಿಡುತ್ತದೆ, ರುಚಿ ಇರುವುದು ಆ ಎರಡನೆಯ ನೀರಿನಲ್ಲಿ. ಚಿಪ್ಪಿನ ಚೂರು ಒಳಗೆ ಬಿದ್ದಿದ್ದರೆ ತೆಗೆದು, ಒಮ್ಮೆ ಮೂಸಿ, ಐಸಿನ ಮೇಲಿಡುತ್ತಾನೆ. ಇಷ್ಟೂ ಕೆಲಸಕ್ಕೆ ಅವನಿಗೆ ಕೆಲವೇ ಸೆಕೆಂಡು ಸಾಕು.

ಗಾತ್ರಕ್ಕೆ ಸಂಖ್ಯೆಗಳಿವೆ, ಲೆಕ್ಕ ತಿರುಗುಮುರುಗು. ಸಾಮಾನ್ಯ ಉಬ್ಬುಚಿಪ್ಪಿನ ಜಾತಿಯಲ್ಲಿ 5ನೇ ಸಂಖ್ಯೆಯದು 30ರಿಂದ 45 ಗ್ರಾಂ ತೂಗುವ ಚಿಕ್ಕದು, 3 ಮಧ್ಯಮ, 0 ಎಂದರೆ 150 ಗ್ರಾಂ ದಾಟಿದ ದೊಡ್ಡದು. ಹೊಸಬರು 3 ಅಥವಾ 4 ಕೇಳುವುದು ಒಳ್ಳೆಯದು. ಹೆಸರಾದವು ಬ್ರಿಟನಿಯ ಕಾಂಕಾಲ್ ಮತ್ತು ಅಟ್ಲಾಂಟಿಕ್ ತೀರದ ಮರೆನ್-ಓಲೆರೋನ್ ಕಡೆಯವು. ಮರೆನ್‌ನವರು ಸಮುದ್ರದಿಂದ ತೆಗೆದ ಆಯ್‌ಸ್ಟರನ್ನು ಹಳೆಯ ಉಪ್ಪಿನ ಗದ್ದೆಗಳ ಜೇಡಿಮಣ್ಣಿನ ಕೊಳಗಳಲ್ಲಿ ಕೆಲವು ವಾರ ಬಿಟ್ಟು ಹದ ಮಾಡುತ್ತಾರೆ. ಆ ನೀರಿನಲ್ಲಿ ಬೆಳೆಯುವ ನೀಲಿ ಬಣ್ಣದ ಸೂಕ್ಷ್ಮ ಪಾಚಿಯೊಂದು ಅವುಗಳ ಕಿವಿರಿಗೆ ಹಸಿರು ಛಾಯೆ ಕೊಡುತ್ತದೆ. ಅದು ಕೆಟ್ಟದ್ದರ ಗುರುತಲ್ಲ, ಹೆಚ್ಚು ಬೆಲೆಯ ಗುರುತು.

ಸಮುದ್ರದ ಬುತ್ತಿ ಎನ್ನಬಹುದಾದ ‘ಪ್ಲಾತೊ ದ ಫ್ರುಯಿ ದ ಮೇರ್’ನಲ್ಲಿ ಆಯ್‌ಸ್ಟರ್ ಜೊತೆ ಸಿಗಡಿ, ಏಡಿ, ಶಂಖದ ಹುಳು ಎಲ್ಲ ಸೇರಿ ಎತ್ತರದ ಕಾಲಿನ ತಟ್ಟೆಯಲ್ಲಿ ಬರುತ್ತವೆ. ಜೊತೆಗೆ ಬೆಣ್ಣೆ, ರೈ ಬ್ರೆಡ್, ಸಣ್ಣ ಈರುಳ್ಳಿ ಹೆಚ್ಚಿ ಹಾಕಿದ ವಿನೆಗರ್, ನಿಂಬೆ. ಇಕ್ಕಳ, ಸೂಜಿ, ಪುಟ್ಟ ಫೋರ್ಕು ಎಲ್ಲ ಕೊಟ್ಟಿದ್ದರೂ ಕೈ ಹಚ್ಚಿ ತಿನ್ನುವುದು ತಪ್ಪಲ್ಲ.

ಪಟ್ಟಿಯ ಹಿರಿಯರು

ಶೂಕ್ರೂತ್ ಬ್ರಾಸರಿಯ ಆದಿ ಅಡಿಗೆ. ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ ಉಪ್ಪು ಬೆರೆಸಿ ಒತ್ತಿಟ್ಟರೆ ಮಾವಿನ ಮಿಡಿ ಭರಣಿಯಲ್ಲಿ ನೀರು ಬಿಟ್ಟುಕೊಳ್ಳುವಂತೆ ಅದೂ ನೀರು ಬಿಟ್ಟುಕೊಂಡು ವಾರಗಳಲ್ಲಿ ಹುಳಿಯುತ್ತದೆ. ಆಮೇಲೆ ಈರುಳ್ಳಿ, ಜುನಿಪರ್ ಕಾಳು, ಅಲ್ಸಾಸ್‌ನ ಬಿಳಿ ವೈನ್ ಹಾಕಿ ನಿಧಾನವಾಗಿ ಬೇಯಿಸಿ, ಮೇಲೆ ಹೊಗೆಹಾಕಿದ ಹಂದಿಮಾಂಸ, ಬಗೆಬಗೆಯ ಸಾಸೇಜು, ಬೇಯಿಸಿದ ಆಲೂಗಡ್ಡೆ ಇಟ್ಟು ಕೊಡುತ್ತಾರೆ. ಒಬ್ಬರಿಗೆಂದು ತರುವುದು ಇಬ್ಬರಿಗೆ ಸಾಕಾಗುತ್ತದೆ.

ಈರುಳ್ಳಿ ಸೂಪು ಸಗಟು ಮಾರುಕಟ್ಟೆಯ ಕೊಡುಗೆ. ಪ್ಯಾರಿಸ್ಸಿನ ನಡುವಿನ ಲೆ ಆಲ್ ಪೇಟೆಯಲ್ಲಿ ರಾತ್ರಿಯಿಡೀ ಮೂಟೆ ಹೊರುವವರೂ ಮೋಜು ಮುಗಿಸಿ ಬಂದ ಶ್ರೀಮಂತರೂ ಒಂದೇ ಮೇಜಿನಲ್ಲಿ ಇದನ್ನು ಕುಡಿಯುತ್ತಿದ್ದರು. ಆ ಪೇಟೆ 1969ರಲ್ಲಿ ಹೊರವಲಯದ ರನ್ಜಿಸ್‌ಗೆ ಎದ್ದುಹೋಯಿತು; 1947ರಲ್ಲಿ ತೆರೆದ ಓ ಪಿಯೆ ದ ಕೊಶೋನ್ ಬ್ರಾಸರಿ ಮಾತ್ರ ಅಲ್ಲೇ ಉಳಿದು ಸೂಪನ್ನೂ ಹಂದಿಯ ಕಾಲನ್ನೂ ಬಡಿಸುತ್ತಿದೆ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಮುಕ್ಕಾಲು ಗಂಟೆಯಾದರೂ ಬಾಡಿಸಬೇಕು. ಅವಸರಪಟ್ಟರೆ ಅಂಚು ಸುಡುತ್ತದೆ, ಸಿಹಿ ಬಿಡುವುದಿಲ್ಲ. ಮೇಲೆ ಒಣಬ್ರೆಡ್ಡು, ಅದರ ಮೇಲೆ ತುರಿದ ಚೀಸು ಹಾಕಿ ಕಂದುಗಟ್ಟುವವರೆಗೆ ಬೆಂಕಿಯ ಕೆಳಗಿಡುತ್ತಾರೆ.

ಸೋಲ್ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿದು ಇಡಿಯಾಗಿ ತಂದು ತೋರಿಸಿ, ಒಳ್ಳೆಯ ಮನೆಗಳಲ್ಲಿ ಗಿರಾಕಿಯ ಎದುರೇ ಎರಡು ಚಮಚದಿಂದ ಮುಳ್ಳು ಬಿಡಿಸಿಕೊಡುತ್ತಾರೆ. ಗೋಮಾಂಸದ ಸ್ಟೇಕ್ ಕೇಳಿದರೆ ಹದ ಹೇಳಬೇಕು. ‘ಸೆನ್ಯಾನ್’ ಅಂದರೆ ಒಳಗೆ ಕೆಂಪು, ‘ಆ ಪ್ವಾನ್’ ಅಂದರೆ ನಡುಹದ. ಎರಡೂ ನಾವು ಎಣಿಸಿದ್ದಕ್ಕಿಂತ ಹಸಿಯಾಗಿರುತ್ತವೆ. ಪೂರ್ತಿ ಬೆಂದದ್ದು ಬೇಕಾದವರು ‘ಬಿಯಾನ್ ಕ್ಯುಯಿ’ ಎನ್ನಬೇಕು. ‘ಸ್ಟೇಕ್ ತಾರ್ತಾರ್’ ಬೇಯಿಸಿದ್ದೇ ಅಲ್ಲ, ಕೊಚ್ಚಿದ ಹಸಿಮಾಂಸಕ್ಕೆ ಮೊಟ್ಟೆಯ ಹಳದಿ, ಸಾಸಿವೆ, ಉಪ್ಪಿನಲ್ಲಿಟ್ಟ ಮೊಗ್ಗು ಬೆರೆಸಿದ್ದು. ತಿಳಿಯದೆ ಹೇಳಿ ಕಂಗಾಲಾಗುವವರು ಬಹಳ.

ನಮ್ಮ ದೇಶದ ಹೆಸರಿನ ತಿನಿಸೂ ಈ ಲೋಕದಲ್ಲಿದೆ. ಲಾ ಕುಪೋಲ್‌ನ ಪಟ್ಟಿಯಲ್ಲಿ ಕುರಿಮರಿ ಮಾಂಸದ ‘ಇಂಡಿಯನ್ ಕರ್ರಿ’ 1927ರಿಂದ ಇದೆ. ತಳ್ಳುಗಾಡಿಯಲ್ಲಿ ಮೇಜಿನ ಬಳಿಗೇ ತಂದು ಅನ್ನದ ಜೊತೆ ಬಡಿಸುತ್ತಾರೆ. ಖಾರ ಕಡಿಮೆ. ಭಾರತದ ಯಾವ ಮನೆಯ ಅಡಿಗೆಯೂ ಅಲ್ಲದ, ಆದರೂ ಸುಮಾರು ನೂರು ವರ್ಷ ಪ್ಯಾರಿಸ್ಸಿನವರು ಪ್ರೀತಿಯಿಂದ ತಿಂದ ಆ ಸಾರನ್ನು ನಾವು ಅಸಲಿ ನಕಲಿ ಎಂದು ತೂಗಬೇಕಾಗಿಲ್ಲ. ಅದೀಗ ಆ ಊರಿನದೇ ಅಡಿಗೆ.

ಮಾಂಸ ತಿನ್ನದವರಿಗೆ

ಸಸ್ಯಾಹಾರಿಗಳಿಗೆ ಹಳೆಯ ಬ್ರಾಸರಿ ಸುಲಭದ ಜಾಗವಲ್ಲ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಈರುಳ್ಳಿ ಸೂಪಿನ ಕಟ್ಟು ಸಾಮಾನ್ಯವಾಗಿ ಗೋಮಾಂಸದ್ದು. ಸಲಾಡಿನಲ್ಲಿ ಹಂದಿಮಾಂಸದ ತುಣುಕು ಇರುವುದುಂಟು, ಎಷ್ಟೋ ಫ್ರೆಂಚ್ ಚೀಸುಗಳಿಗೆ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ವಿನೆಗರ್ ಸಾಸಿನ ಲೀಕ್ ದಂಟು, ಬಿಸಿ ಮೇಕೆಚೀಸಿನ ಸಲಾಡ್, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ, ತರಕಾರಿಯ ತಟ್ಟೆ ಇವು ಸಿಗುತ್ತವೆ. ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ ಮತ್ತು ಮೇಯನೇಸ್ ಹೊದಿಸಿದ ಬೇಯಿಸಿದ ಮೊಟ್ಟೆ ಇದೆ. ಈ ಸಾಮಾನ್ಯ ತಿನಿಸನ್ನು ಕಾಪಾಡಲೆಂದೇ ಫ್ರಾನ್ಸಿನಲ್ಲಿ ಒಂದು ಸಂಘವಿದೆ. ಸಿಹಿಯಲ್ಲಿ ಕ್ರೆಮ್ ಬ್ರೂಲೆ, ಬಿಸಿ ಚಾಕೊಲೆಟ್ ಸುರಿದ ಪ್ರೊಫಿತೆರೋಲ್, ಕಸ್ಟರ್ಡಿನಲ್ಲಿ ತೇಲುವ ಮೊಟ್ಟೆಯ ಬಿಳಿಯ ಉಂಡೆ ‘ಈಲ್ ಫ್ಲೊತಾಂತ್’ ಹೆಸರುವಾಸಿ. ಮೂರರಲ್ಲೂ ಮೊಟ್ಟೆ ಇದೆ. ಹೇಳಬೇಕಾದ್ದನ್ನು ಮೊದಲೇ, ನಿಧಾನವಾಗಿ ಹೇಳಿದರೆ ಅಡಿಗೆಮನೆಯವರು ಹೊಂದಿಸಿಕೊಡುತ್ತಾರೆ.

ಬಡಿಸುವವರು ಮತ್ತು ಬಿಲ್ಲು

‘ಗಾರ್ಸೋನ್’ ಎಂದು ಕೂಗಿ ಕರೆಯುವ ಕಾಲ ಹೋಯಿತು. ‘ಮಸ್ಯು’, ‘ಮದಾಮ್’ ಅನ್ನಬೇಕು, ಇಲ್ಲವೆ ಕಣ್ಣು ಸೇರಿದಾಗ ತುಸು ಕೈ ಎತ್ತಬೇಕು. ಅವರಿಗೆ ಇದು ವಿದ್ಯಾರ್ಥಿಗಳ ಬಿಡುವಿನ ಕೆಲಸವಲ್ಲ, ಜೀವನಪೂರ್ತಿಯ ವೃತ್ತಿ. ಒಬ್ಬೊಬ್ಬರಿಗೆ ಒಂದು ಸಾಲು ಮೇಜುಗಳ ಹೊಣೆ; ಪಕ್ಕದ ಸಾಲಿನವರನ್ನು ಕರೆದರೆ ಬರುವುದಿಲ್ಲ, ಅದು ಅಸಡ್ಡೆಯಲ್ಲ. ಕಿಕ್ಕಿರಿದ ಹೊತ್ತಿನಲ್ಲಿ ಬಿಸಿ ತಟ್ಟೆಗಳನ್ನು ಮುಂದೋಳಿನ ಮೇಲೆ ಹೊತ್ತು ‘ಶೋ ದವಾನ್!’ ಎಂದು ಎಚ್ಚರಿಸುತ್ತ ನುಗ್ಗುವ ಅವರ ನಡಿಗೆ ಓಟವೂ ಅಲ್ಲ, ನಡಿಗೆಯೂ ಅಲ್ಲ. 1914ರಷ್ಟು ಹಿಂದೆ ಶುರುವಾಗಿ ನಡುವೆ ನಿಂತುಹೋಗಿದ್ದ ಬಡಿಸುವವರ ಸ್ಪರ್ಧೆ 2024ರ ಮಾರ್ಚ್ 24ರಂದು ಪ್ಯಾರಿಸ್ಸಿನಲ್ಲಿ ಮತ್ತೆ ನಡೆಯಿತು. ತಟ್ಟೆಯ ಮೇಲೆ ಕಾಫಿ ಕಪ್ಪು, ನೀರಿನ ಲೋಟ, ಕ್ರೊಸಾನ್ ಇಟ್ಟುಕೊಂಡು ಚೆಲ್ಲದಂತೆ, ಓಡದೆ, 2 ಕಿಲೋಮೀಟರ್ ಸಾಗಬೇಕು.

ಕೇಳುವವರೆಗೆ ಬಿಲ್ಲು ತರುವುದಿಲ್ಲ. ಮೇಜು ನಿಮ್ಮದು, ಏಳಿಸುವುದು ಅಮರ್ಯಾದೆ ಎಂಬ ಭಾವನೆ ಅದರ ಹಿಂದಿದೆ. ಪಟ್ಟಿಯಲ್ಲಿರುವ ಬೆಲೆಯಲ್ಲೇ ಸೇವಾಶುಲ್ಕವೂ ತೆರಿಗೆಯೂ ಸೇರಿರಬೇಕೆಂದು ಕಾನೂನು ಹೇಳುತ್ತದೆ. ಊಟದ ಮೇಲಿನ ತೆರಿಗೆ ಶೇ 10, ಮದ್ಯದ ಮೇಲೆ ಶೇ 20. ಟಿಪ್ಸ್ ಕಡ್ಡಾಯವಲ್ಲ. ತೃಪ್ತಿಯಾಗಿದ್ದರೆ ಒಂದೆರಡು ಯೂರೊ ಬಿಟ್ಟು ಬರುವುದು ವಾಡಿಕೆ. ಹೆಸರಾಂತ ಬ್ರಾಸರಿಯಲ್ಲಿ ಒಬ್ಬರ ಊಟಕ್ಕೆ ಸಾಮಾನ್ಯವಾಗಿ 40ರಿಂದ 70 ಯೂರೊ ಬೇಕು, ಸಮುದ್ರದ ತಟ್ಟೆ ತರಿಸಿದರೆ ಇನ್ನೂ ಹೆಚ್ಚು.

ಫ್ಯಾಷನ್ನಿನ ಹಿಂದೆ

ಕಾಣಿಸಿಕೊಳ್ಳುವ ಜಾಗವಾಗಿಯೂ ಬ್ರಾಸರಿ ಬೆಳೆಯಿತು. ಷಾಂಜ್ ಎಲಿಸೆಯ ಫುಕೆಟ್ಸ್ 1899ರದು, ಸಿನಿಮಾದವರ ನೆಚ್ಚಿನದು. ನಿಕೊಲಾ ಸಾರ್ಕೊಜಿ 2007ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ರಾತ್ರಿ ಅಲ್ಲಿ ಸಿರಿವಂತ ಗೆಳೆಯರೊಂದಿಗೆ ಊಟ ಮಾಡಿದ್ದು ಅವರನ್ನು ಐದು ವರ್ಷವೂ ಕಾಡಿತು. 2019ರ ಮಾರ್ಚಿನಲ್ಲಿ ಸರ್ಕಾರದ ವಿರುದ್ಧ ಬೀದಿಗಿಳಿದಿದ್ದ ಹಳದಿ ಅಂಗಿಯವರ ಪ್ರತಿಭಟನೆಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಇಮ್ಯಾನುಯೆಲ್ ಮ್ಯಾಕ್ರೋನ್ 2017ರ ಮೊದಲ ಸುತ್ತಿನ ಗೆಲುವನ್ನು ಮೊಂಪಾರ್ನಾಸ್‌ನ ಲಾ ರೊತೋಂದ್ ಬ್ರಾಸರಿಯಲ್ಲಿ ಆಚರಿಸಿದಾಗಲೂ ಇಂಥದೇ ಟೀಕೆ ಎದ್ದಿತು. ಒಂದು ಊಟದ ಮನೆ ಇಷ್ಟು ರಾಜಕೀಯ ಭಾರ ಹೊರುವುದು ಫ್ರಾನ್ಸಿನಲ್ಲಿ ಮಾತ್ರ ಸಾಧ್ಯ ಎನಿಸುತ್ತದೆ.

ಸಾಗರದಾಚೆಗೂ ಇದರ ಪ್ರತಿರೂಪಗಳು ಹುಟ್ಟಿದವು. ಕೀತ್ ಮೆಕ್‌ನಾಲಿ 1997ರಲ್ಲಿ ನ್ಯೂಯಾರ್ಕಿನ ಸೋಹೋದಲ್ಲಿ ತೆರೆದ ಬಾಲ್ತಜಾರ್ ಹಳೆಯದಾಗಿ ಕಾಣುವಂತೆ ಮಾಡಿದ ಕನ್ನಡಿ, ಕೆಂಪು ಬೆಂಚು, ಆಯ್‌ಸ್ಟರ್ ಕಟ್ಟೆಗಳಿಂದ ಆ ಊರಿನ ಅತಿ ಬೇಡಿಕೆಯ ಮೇಜಾಯಿತು. ಅಲ್ಲಿ ಟಿಪ್ಸಿನ ಲೆಕ್ಕ ಅಮೆರಿಕದ್ದು, ಶೇ 20ರ ಸುತ್ತಮುತ್ತ. ಲಂಡನ್ನಿನ ಪಿಕಡಿಲ್ಲಿಯ ಬಳಿ 2012ರಲ್ಲಿ ಆರಂಭವಾದ ಬ್ರಾಸರಿ ಜೆಡೆಲ್ ವೈಭವ ದೊಡ್ಡದು, ಬೆಲೆ ಚಿಕ್ಕದು ಎಂಬ ಹಳೆಯ ತತ್ವಕ್ಕೆ ಹೆಚ್ಚು ನಿಷ್ಠವಾಗಿದೆ. ನನಗೆ ಅದೇ ಮೇಲು ಅನ್ನಿಸುತ್ತದೆ.

ಒಡೆಯರು, ಅಡಿಗೆಯವರು

ಅಲ್ಸಾಸ್‌ನ ಜಾನ್-ಪೋಲ್ ಬುಶೆ 1968ರಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಫ್ಲೋ ಬ್ರಾಸರಿಯನ್ನು ಕೊಂಡು, ಒಂದೊಂದಾಗಿ ಹಳೆಯ ಮನೆಗಳನ್ನು ಸೇರಿಸಿಕೊಳ್ಳುತ್ತ ಹೋದರು. ಲಾ ಕುಪೋಲ್ 1988ರಲ್ಲಿ ಅವರ ಕೈಸೇರಿತು. ಗೋಡೆಯ ಚಿತ್ತಾರಗಳು ಉಳಿದದ್ದು ಇದರಿಂದಲೇ. ಆದರೆ ಎಲ್ಲ ಮನೆಗಳಲ್ಲೂ ಒಂದೇ ರುಚಿ ಬರತೊಡಗಿತು ಎಂಬ ದೂರೂ ಎದ್ದಿತು, ಅದು ಸುಳ್ಳಲ್ಲ. ಸಾಲದಲ್ಲಿ ಸಿಲುಕಿದ ಫ್ಲೋ ಗುಂಪನ್ನು 2017ರಲ್ಲಿ ಬೆರ್ತ್ರಾನ್ ಗುಂಪು ಕೊಂಡಿತು. ಅದೇ ವರ್ಷ ಪಿಗಾಲ್‌ನಲ್ಲಿ ಹೊಸ ಬೂಯೋನ್ ಒಂದು ತೆರೆದು ಬಾಗಿಲಲ್ಲಿ ಸಾಲು ಹಚ್ಚಿಸಿತು. ಬೂಯೋನ್ ಎಂದರೆ ದುಡಿಯುವವರಿಗೆಂದು ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದ ಅಗ್ಗದ ಊಟದ ಮನೆ. 1896ರ ಶಾರ್ತ್ಯೆ ಎಂಬ ಬೂಯೋನಿನಲ್ಲಿ ಇವತ್ತಿಗೂ ಮೇಜಿನ ಮೇಲೆ ಹಾಸಿದ ಕಾಗದದ ಮೇಲೇ ಬಿಲ್ಲಿನ ಲೆಕ್ಕ ಬರೆಯುತ್ತಾರೆ. ಬ್ರಾಸರಿಗಳ ಬೆಲೆಗೆ ಬೆದರಿದ ಯುವಜನ ಈಗ ಅಲ್ಲಿಗೆ ಹೋಗುತ್ತಾರೆ.

ಒಡೆಯರು ಬದಲಾದರೂ ಒಲೆಯ ಮುಂದೆ ಹೊರಗಿನವರೇ ನಿಂತಿದ್ದಾರೆ. ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿ, ತರಕಾರಿ ಹೆಚ್ಚುವುದು ಕಲಿತು, ಹತ್ತು ವರ್ಷದಲ್ಲಿ ಸಾಸುಗಳ ಹೊಣೆ ಹೊತ್ತ ಶ್ರೀಲಂಕಾದ ತಮಿಳರು, ಮಾಲಿಯವರು ಪ್ಯಾರಿಸ್ಸಿನ ಅಡಿಗೆಮನೆಗಳಲ್ಲಿ ಎಷ್ಟೋ ಮಂದಿ. ಅವರಲ್ಲಿ ಹಲವರು ಸಂಬಳದ ಚೀಟಿ ಇದ್ದೂ, ತೆರಿಗೆ ಕಟ್ಟಿಯೂ, ವಾಸದ ಪರವಾನಗಿ ಇಲ್ಲದೆ ಬದುಕಿದವರು. 2008ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಒಂದು ಹೆಸರಾಂತ ಊಟದ ಮನೆಯ ಅಂಥ ಅಡಿಗೆಯವರು ಸೇಜೇತೆ ಕಾರ್ಮಿಕ ಸಂಘದ ಬೆಂಬಲದೊಂದಿಗೆ ಕೆಲಸ ನಿಲ್ಲಿಸಿ ಅಲ್ಲೇ ಕೂತರು. ಹೆಚ್ಚಿನವರಿಗೆ ಪರವಾನಗಿ ಸಿಕ್ಕಿತು. ಏಪ್ರಿಲ್ 15ರಂದು ಪ್ಯಾರಿಸ್ ಸುತ್ತಲಿನ ಊಟದ ಮನೆ, ಕಟ್ಟಡ, ಶುಚಿ ಕೆಲಸಗಳ ನೂರಾರು ಕಾರ್ಮಿಕರು ಅದೇ ದಾರಿ ಹಿಡಿದರು. ತಿಂಗಳುಗಟ್ಟಲೆ ನಡೆದ ಆ ಮುಷ್ಕರದಿಂದ ಬಹಳಷ್ಟು ಅಡಿಗೆಯವರು ಕಾನೂನುಬದ್ಧ ನಿವಾಸಿಗಳಾದರು.